ನೆಟ್ಟರೆ ಮುಗಿಯಲಿಲ್ಲ, ಮೂರು ಬೇಸಿಗೆ ನೋಡಿಕೊಳ್ಳಬೇಕು: ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಪರಿಸರ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕ್ರಾಸ್‌ಫೀಲ್ಡ್ ಕಡೆಯ ಹೊಲಗಳಲ್ಲಿ ಹುಟ್ಟಿ, ಏರ್‌ಡ್ರೀ ಊರು ಹಾದು, ಕ್ಯಾಲ್ಗರಿ ಮೃಗಾಲಯದ ಹತ್ತಿರ ಬೋ ನದಿಗೆ ಸೇರುವ ನೋಸ್ ಕ್ರೀಕ್ ಹಳ್ಳದ ವಿಷಯವಾಗಿ ಈ ಪತ್ರ. ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ಹೋಗಿದೆ. ಉತ್ತರ ಕ್ಯಾಲ್ಗರಿಯಲ್ಲಿ, ಏರ್‌ಡ್ರೀಯಲ್ಲಿ ನೆಲೆಸಿರುವ ಕನ್ನಡಿಗರ ಮನೆ ಮುಂದಿನ ಮಳೆನೀರೂ ಇದೇ ಹಳ್ಳಕ್ಕೆ ಇಳಿಯುವುದರಿಂದ ಕನ್ನಡದಲ್ಲೂ ಬರೆದಿದ್ದೇವೆ.

ಬೋ ನದಿಯ ತಲೆಯಲ್ಲಿ ಹಿಮನದಿ ಇದೆ. ನೋಸ್ ಕ್ರೀಕ್‌ಗೆ ಆ ಆಸರೆ ಇಲ್ಲ. ಬಯಲಿನಲ್ಲಿ ಕರಗಿದ ಹಿಮ, ಜೂನ್ ಮಳೆ, ನೆಲದಿಂದ ಜಿನುಗಿದ ನೀರು, ಇಷ್ಟೇ ಅದರ ಬಂಡವಾಳ.

ಕಾವೇರಿಯ ಜಗಳ ಕಂಡವರಿಗೆ ಹಂಚಿಕೆಯ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಇಲ್ಲೂ 1894ರ ಕಾಯಿದೆಯ ಕಾಲದಿಂದ ಮೊದಲು ಬಂದವರಿಗೆ ಮೊದಲ ಹಕ್ಕು. 1969ರ ಒಪ್ಪಂದದ ಪ್ರಕಾರ ಸಹಜ ಹರಿವಿನ ಅರ್ಧ ಪಕ್ಕದ ಪ್ರಾಂತ್ಯ ಸಸ್ಕಾಚೆವಾನ್‌ಗೆ ಹೋಗಬೇಕು. 2006ರ ಯೋಜನೆ ಬೋ ಕಣಿವೆಯಲ್ಲಿ ಹೊಸ ನೀರಿನ ಪರವಾನಗಿ ಅರ್ಜಿಗಳಿಗೆ ಬಾಗಿಲು ಮುಚ್ಚಿತು. 2024ರ ಏಪ್ರಿಲ್‌ನಲ್ಲಿ, ಬರ ಕಣ್ಣೆದುರಿದ್ದಾಗ, 38 ದೊಡ್ಡ ಪರವಾನಗಿದಾರರು ನೀರು ಹಂಚಿಕೊಳ್ಳಲು ಒಪ್ಪಿದರು. ಅದು ಸಣ್ಣ ಮಾತಲ್ಲ. ಆದರೆ ಇದೆಲ್ಲ ಬಂದ ನೀರಿನ ಹಂಚಿಕೆ. ಜೂನ್ ನೀರನ್ನು ಆಗಸ್ಟ್‌ವರೆಗೆ ಹಿಡಿದಿಡುವುದು ದಂಡೆಯ ಮಣ್ಣು, ತಗ್ಗಿನ ಜೌಗು, ಬೀವರ್ ಎಂಬ ಪ್ರಾಣಿ ಕೊಂಬೆ, ಮಣ್ಣಿನಿಂದ ಕಟ್ಟಿದ ಒಡ್ಡು. ಅವುಗಳನ್ನು ನೋಡಿಕೊಳ್ಳುವ ಕೆಲಸ ಬಹುಪಾಲು ಸ್ವಯಂಸೇವಕರ ಮೇಲೆ ಬಿದ್ದಿದೆ.

ದಂಡೆಯ ಮಣ್ಣು ಹಿಡಿದಿಡಲು ವಿಲ್ಲೋ ಗಿಡದ ಕಡ್ಡಿ ನೆಡುವುದನ್ನೇ ನೋಡಿ. ಮೊಗ್ಗು ಒಡೆಯುವ ಮೊದಲು, ಮಾರ್ಚ್ ಕೊನೆ ಅಥವಾ ಏಪ್ರಿಲ್‌ನಲ್ಲಿ, ಹೆಬ್ಬೆರಳು ದಪ್ಪದ ಕಡ್ಡಿ ಕಡಿಯಬೇಕು. ಉದ್ದ 60 ಸೆಂಟಿಮೀಟರ್‌ನಿಂದ 1 ಮೀಟರ್. ಬುಡಕ್ಕೆ ಓರೆ ಕೊಯ್ತ, ತುದಿಗೆ ನೇರ ಕೊಯ್ತ. ಇಲ್ಲವಾದರೆ ಅವಸರದಲ್ಲಿ ತಲೆಕೆಳಗಾಗಿ ನೆಡುವವರು ಇದ್ದೇ ಇರುತ್ತಾರೆ. ಒಂದು ವಾರ ಬುಡ ನೀರಲ್ಲಿ ನೆನೆಯಬೇಕು. ನೆಲ ಕರಗಿದ ಮೇಲೆ ಕಬ್ಬಿಣದ ಸರಳಿನಿಂದ ತೂತು ಹೊಡೆದು, ಮುಕ್ಕಾಲು ಭಾಗ ಮಣ್ಣೊಳಗೆ ಇಳಿಸಿ, ಸುತ್ತ ಕಾಲಿನಿಂದ ತುಳಿದು ಗಟ್ಟಿಮಾಡಬೇಕು. ಗಾಳಿ ಉಳಿದ ಕಡೆ ಬೇರು ಒಡೆಯುವುದಿಲ್ಲ.

ಮೇ ತಿಂಗಳಲ್ಲಿ ಎಲ್ಲವೂ ಚಿಗುರಿ ಫೋಟೊದಲ್ಲಿ ಚೆಂದ ಕಾಣುತ್ತವೆ. ಆ ಚಿಗುರನ್ನು ನಂಬಬೇಡಿ, ಅದು ಕಡ್ಡಿಯೊಳಗೆ ಕೂಡಿಟ್ಟ ಆಹಾರದಿಂದ ಬಂದದ್ದು. ಬುಡ ಆಗಸ್ಟ್‌ನ ಅಂತರ್ಜಲದ ಮಟ್ಟ ಮುಟ್ಟಿರದಿದ್ದರೆ ಎಲೆ ಅಂಚಿನಿಂದ ಸುಟ್ಟು ಒಣಗುತ್ತದೆ. ಬದುಕಿದ್ದನ್ನು ಬ್ರೋಮ್ ಹುಲ್ಲು ಅಮುಕುತ್ತದೆ, ಚಳಿಗಾಲದಲ್ಲಿ ಜಿಂಕೆ ಮೇಯುತ್ತದೆ, ವಸಂತದ ಮಂಜುಗಡ್ಡೆ ಕತ್ತರಿಸುತ್ತದೆ. ಎರಡನೇ, ಮೂರನೇ ಬೇಸಿಗೆಯಲ್ಲಿ ಹುಲ್ಲು ಕೀಳಲು, ತಂತಿ ಬಲೆ ಸರಿಪಡಿಸಲು, ಸತ್ತ ಕಡೆ ಮತ್ತೆ ನೆಡಲು ಜನ ಬೇಕು. ಅನುದಾನ ಒಂದೇ ಋತುವಿನದಾದರೆ ಆ ಹೊತ್ತಿಗೆ ಕೈ ಖಾಲಿ.

ದನಗಳು ಹಳ್ಳಕ್ಕಿಳಿದು ದಂಡೆ ತುಳಿಯದಂತೆ ತಡೆಯಲು ಬರೀ ಬೇಲಿ ಸಾಲದು. ಬೇಸಿಗೆಯಲ್ಲಿ ಒಂದು ಹಸುವಿಗೆ ದಿನಕ್ಕೆ 50 ಲೀಟರ್ ಮೇಲೆಯೇ ನೀರು ಬೇಕು. ನೂರು ಹಸುವಿಗೆ 5,000 ಲೀಟರ್. ಸೋಲಾರ್ ಪಂಪು ಇಟ್ಟರೆ, ಮೋಡ ಕವಿದ ದಿನಗಳಿಗೆಂದು ಮೂರು ದಿನದ ನೀರು ಹಿಡಿಯುವ ತೊಟ್ಟಿಯೂ ಬೇಕು. ತೊಟ್ಟಿ ಒಮ್ಮೆ ಒಣಗಿದರೆ ಸಾಕು, ದನ ಬೇಲಿ ಮುರಿದು ಹಳ್ಳಕ್ಕೆ ಇಳಿಯುತ್ತದೆ. ಪಂಪಿಗೆ ಹಣ ಕೊಟ್ಟು ತೊಟ್ಟಿಯನ್ನು ಮರೆತರೆ ಎರಡೂ ವ್ಯರ್ಥ.

ಬೀವರ್ ಒಡ್ಡಿನಿಂದ ರಸ್ತೆಗೆ ನೀರು ನುಗ್ಗುವ ಕಡೆ ಒಡ್ಡನ್ನೇ ಒಡೆಯುವುದು ಬೇಡ. ಒಡೆದರೆ ಬೀವರ್ ಮತ್ತೆ ಕಟ್ಟುತ್ತದೆ. ಒಡ್ಡಿನ ಮೂಲಕ ಕೊಳವೆ ಹಾಯಿಸಿ, ಅದರ ಒಳತುದಿಯನ್ನು ಒಡ್ಡಿನಿಂದ ದೂರ, ಆಳದ ನೀರಲ್ಲಿ ತಂತಿಪಂಜರದೊಳಗೆ ಇಟ್ಟರೆ ನೀರು ಹೋಗುವ ಜಾಗ ಬೀವರ್‌ಗೆ ಸಿಗುವುದಿಲ್ಲ. ಪಂಜರಕ್ಕೆ ಅಂಟಿದ ಕಸ ಮಾತ್ರ ಆಗಾಗ ತೆಗೆಯಬೇಕು.

ನಾವು ಕೇಳುವುದು ಇಷ್ಟು. ದಂಡೆ ಕೆಲಸದ ಅನುದಾನ ಮೂರು ಬೇಸಿಗೆಗಾದರೂ ಇರಲಿ, ಅದರಲ್ಲಿ ನಿರ್ವಹಣೆಯ ಪಾಲು ಬೇರೆಯಾಗಿ ನಮೂದಾಗಲಿ. ಹರಿವಿನೊಳಗೆ ಗೂಟ ಹೊಡೆಯುವ ಸಣ್ಣ ಕೆಲಸಗಳ ಅನುಮತಿ ಫೆಬ್ರವರಿಯೊಳಗೆ ಕೈಸೇರಲಿ. ಮೇ ತಿಂಗಳಲ್ಲಿ ಬಂದ ಅನುಮತಿಯಿಂದ ಆ ವರ್ಷದ ಕಡ್ಡಿಗೆ ಉಪಯೋಗವಿಲ್ಲ. ಮತ್ತು ವರದಿಯ ನಮೂನೆಯಲ್ಲಿ ಎಷ್ಟು ಕಡ್ಡಿ ನೆಟ್ಟಿರಿ ಎಂದು ಕೇಳಿದರೆ ಸಾಲದು, ಮೂರನೇ ಆಗಸ್ಟ್‌ನಲ್ಲಿ ಎಷ್ಟು ಬದುಕಿವೆ ಎಂದೂ ಕೇಳಿ.

ಇತಿ,
ನೋಸ್ ಕ್ರೀಕ್ ದಂಡೆಯ ಕೆಲಸದಲ್ಲಿರುವ ಸ್ವಯಂಸೇವಕರು