ದುಡ್ಡು ಕೊಡುವ ಮೊದಲು ಲೈಸೆನ್ಸ್ ಕೇಳಿ

ಮಾನ್ಯ ಸಂಪಾದಕರೇ,

ಉಡುಪಿಯಲ್ಲಿ ಡಿಟಿಪಿ ಅಂಗಡಿ ಇಟ್ಟು 22 ವರ್ಷವಾಯಿತು. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನ ಆಟದ ಹ್ಯಾಂಡ್‌ಬಿಲ್ ಎಲ್ಲ ಮಾಡಿದ್ದೇನೆ. ನಮ್ಮ ಭಾಷೆಗಳಿಗೆ ತಂತ್ರಾಂಶ ಮಾಡಿಸಲು ಸಂಘ ಸಂಸ್ಥೆಗಳು, ದಾನಿಗಳು ಹಣ ಕೊಡುತ್ತಾರೆ. ಒಳ್ಳೆಯದೇ. ಆದರೆ ಆ ಹಣ ಎಂಥದಕ್ಕೆ ಹೋಗಬೇಕು ಎಂಬ ಬಗ್ಗೆ ನನಗೆ ಸ್ವಲ್ಪ ಹೇಳಲಿಕ್ಕಿದೆ.

ಅಂಗಡಿ ಶುರು ಮಾಡಿದಾಗ ಕನ್ನಡ ಫಾಂಟುಗಳ ಒಂದು ಪ್ಯಾಕೇಜನ್ನು ದುಡ್ಡು ಕೊಟ್ಟೇ ತಗೊಂಡಿದ್ದೆ. ಜೊತೆಗೆ ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಒಂದು ಲಾಕ್ ಬಂತು, ಬೆರಳುದ್ದದ್ದು. ಅದಿಲ್ಲದೆ ಫಾಂಟ್ ಕೆಲಸ ಮಾಡುವುದಿಲ್ಲ. ಒಂದು ಮಳೆಗಾಲ ಸಿಡಿಲು ಬಡಿದು ಕಂಪ್ಯೂಟರಿನ ಜೊತೆ ಲಾಕ್ ಕೂಡ ಸುಟ್ಟುಹೋಯಿತು. ಫೋನ್ ಮಾಡಿದರೆ ಆ ಕಂಪನಿಯೇ ಮುಚ್ಚಿತ್ತು. ಬ್ಯಾಕಪ್ ಸಿಡಿಗಳಲ್ಲಿ 11 ವರ್ಷದ ಫೈಲುಗಳಿದ್ದವು. ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಡಾಲರ್ ಗುರುತು, ಅರ್ಥವಿಲ್ಲದ ಗೀಟುಗಳು. ಒಂದು ದೇವಸ್ಥಾನದ ಸ್ಮರಣ ಸಂಚಿಕೆಯ 160 ಪುಟವನ್ನು ಮೊದಲಿನಿಂದ ಟೈಪ್ ಮಾಡಿದೆವು. ಬರೆದುಕೊಟ್ಟಿದ್ದ ಹಿರಿಯರೊಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಕೈಬರಹದ ಅನುಮಾನಗಳನ್ನು ಕೇಳಲು ಯಾರೂ ಇರಲಿಲ್ಲ.

ಆವತ್ತಿನಿಂದ ನಾನು ಮೊದಲು ನೋಡುವುದು ಲೈಸೆನ್ಸ್, ಅಂದರೆ ಬಳಸುವವರಿಗೆ ಏನೇನು ಹಕ್ಕಿದೆ ಎಂಬ ಕರಾರು. ಪುಕ್ಕಟೆ ಸಿಗುವುದು ಬೇರೆ, ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಸ್ವತಂತ್ರ ತಂತ್ರಾಂಶ ಬೇರೆ. ಡೌನ್‌ಲೋಡಿಗೆ ದುಡ್ಡಿಲ್ಲ ಅಂದಮಾತ್ರಕ್ಕೆ ಸೋರ್ಸ್ ಕೋಡ್ (ತಂತ್ರಾಂಶದ ಮೂಲ ಬರಹ) ಸಿಗುವುದಿಲ್ಲ, ತಿದ್ದುವ ಹಕ್ಕೂ ಬರುವುದಿಲ್ಲ. 1989ರಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ ಬರೆದ ಜಿಪಿಎಲ್ ಲೈಸೆನ್ಸ್ ಹೇಳುವುದು ಇಷ್ಟು: ಬಳಸಿ, ತಿದ್ದಿ, ಹಂಚಿ. ಆದರೆ ಹಂಚುವಾಗ ನಿಮಗೆ ಸಿಕ್ಕಿದ ಹಕ್ಕನ್ನು ಮುಂದಿನವರಿಗೂ ಕೊಡಿ. ಫಾಂಟುಗಳಿಗೆ ಇಂಥದೇ ಓಪನ್ ಫಾಂಟ್ ಲೈಸೆನ್ಸ್ ಇದೆ. ನಾನೀಗ ಬಳಸುವ ಬಾಲೂ ತಮ್ಮ, ನೋಟೊ ಸಾನ್ಸ್ ಕನ್ನಡ ಎರಡೂ ಅದರಡಿ ಬಂದವು. ಮಾಡಿದವರು ನಾಳೆ ಕೈಬಿಟ್ಟರೂ ಇನ್ನೊಬ್ಬರು ಮುಂದುವರಿಸಬಹುದು.

ಎರಡನೇ ಮಾತು, ಕಣ್ಣಿಗೆ ಕಾಣದ ಕೆಲಸದ್ದು. ಪಿಯುಸಿ ರಿಸಲ್ಟ್ ಬಂದರೆ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಫ್ಲೆಕ್ಸ್ ಮಾಡುವವರಿಗೆ ಊಟಕ್ಕೂ ಪುರುಸೊತ್ತಿಲ್ಲ. ಅದರಲ್ಲಿ ಬರುವ ರ‍್ಯಾಂಕ್ ಪದವನ್ನು ಸುಮ್ನೆ ಟೈಪ್ ಮಾಡಿದರೆ ಅರ್ಕಾವೊತ್ತು ಬಂದು ‘ರ್ಯಾಂಕ್’ ಆಗುತ್ತದೆ. ರ ಮತ್ತು ಒತ್ತಿನ ನಡುವೆ ಕಾಣದ ಒಂದು ಜೋಡಣೆ ಗುರುತು ಹಾಕಿದರೆ ಮಾತ್ರ ‘ರ‍್ಯಾಂಕ್’ ಸರಿಯಾಗಿ ಕೂರುತ್ತದೆ. ಆ ಗುರುತನ್ನು ಓದಿ ಒತ್ತನ್ನು ಅದರ ಜಾಗದಲ್ಲಿ ಕೂರಿಸುವುದು ಹಾರ್ಫ್‌ಬಝ್ ಎಂಬ ಸ್ವತಂತ್ರ ತಂತ್ರಾಂಶ. ಆಂಡ್ರಾಯ್ಡ್ ಫೋನು, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎಲ್ಲದರ ಒಳಗೂ ಅದೇ ಇದೆ. ಫೋನಿನಲ್ಲಿ ಕನ್ನಡ ಓದುವ ಹೆಚ್ಚಿನವರು ದಿನಾ ಅದನ್ನು ಬಳಸುತ್ತಾರೆ, ಅದರ ಹೆಸರು ಎಷ್ಟು ಜನರಿಗೆ ಗೊತ್ತು?

ಇಂಥದನ್ನು ಮರೆತರೆ ಏನಾಗುತ್ತದೆ ಎಂದು 2014ರಲ್ಲಿ ಲೋಕವೇ ನೋಡಿದೆ. ಇಂಟರ್‌ನೆಟ್ಟಿನ ಬೀಗದಂತಿದ್ದ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೊಡ್ಡ ತೂತು ಸಿಕ್ಕಿತು. ಅಷ್ಟೊಂದು ಕಂಪನಿಗಳು ನಂಬಿಕೊಂಡಿದ್ದ ಅದಕ್ಕೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್ ಮಾತ್ರ! ಈಗ ಸ್ವಲ್ಪ ಎಚ್ಚರ ಬಂದಿದೆ. ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಝೆರೋಧಾ 2024ರಲ್ಲಿ ಇಂಥ ಯೋಜನೆಗಳಿಗೆಂದೇ ವರ್ಷಕ್ಕೆ 10 ಲಕ್ಷ ಡಾಲರ್ ನಿಧಿ ಶುರು ಮಾಡಿದೆ. ಪಕ್ಕದ ಕಾಸರಗೋಡಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಲಿನಕ್ಸ್ ಎಂಬ ಸ್ವತಂತ್ರ ತಂತ್ರಾಂಶದಲ್ಲೇ ಕಂಪ್ಯೂಟರ್ ಕಲಿಯುತ್ತಾರೆ, ಕನ್ನಡ ಮಾಧ್ಯಮದವರೂ.

ನಮಗೆ ಈಗ ಹೊತ್ತು ಬಂದಿದೆ. 2024ರ ಸೆಪ್ಟೆಂಬರಿನಲ್ಲಿ ಎಲ್ಲ ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಸಂಕೇತ ಕೊಡುವ ಯೂನಿಕೋಡಿನ 16ನೇ ಆವೃತ್ತಿಗೆ ತುಳು ಲಿಪಿ ಸೇರಿತು, ತುಳು-ತಿಗಳಾರಿ ಎಂಬ ಹೆಸರಿನಲ್ಲಿ. ಇನ್ನು ಫಾಂಟು ಬೇಕು, ಕೀಬೋರ್ಡ್ ಬೇಕು, ಒತ್ತುಗಳು ಎಲ್ಲ ಕಡೆ ಸರಿ ಕೂರುತ್ತವಾ ಎಂದು ನೋಡುವವರು ಬೇಕು. ಇದಕ್ಕೆ ಹಣ ಕೊಡುವವರಲ್ಲಿ ನನ್ನ ಬೇಡಿಕೆ: ಬೀಗ ಹಾಕಿದ ಫಾಂಟಿಗೆ, ಬಿಡುಗಡೆಯ ದಿನಕ್ಕೆ ಮಾತ್ರ ಇರುವ ಆ್ಯಪಿಗೆ ಕೊಡಬೇಡಿ. ಐದು ವರ್ಷ ಕೂತು ತಪ್ಪು ತಿದ್ದುವವರಿಗೆ ಸಂಬಳ ಕೊಡಿ. ಅರ್ಜಿಯಲ್ಲಿ ಎರಡು ಪ್ರಶ್ನೆ ಸೇರಿಸಿ: ಲೈಸೆನ್ಸ್ ಯಾವುದು, ಸೋರ್ಸ್ ಎಲ್ಲಿದೆ?

ಅಂಥ ಫಾಂಟ್ ಯಾರಾದರೂ ಮಾಡುತ್ತಿದ್ದರೆ ಪ್ರೂಫ್ ಪ್ರಿಂಟು ನನ್ನ ಅಂಗಡಿಯಲ್ಲಿ ತೆಗೆದುಕೊಡುತ್ತೇನೆ. ಎಷ್ಟು ಸಲ ಬೇಕಾದರೂ ಬನ್ನಿ, ದುಡ್ಡು ಬೇಡ.

– ಒಬ್ಬ ಡಿಟಿಪಿ ಕೆಲಸಗಾರ, ಉಡುಪಿ