ಎಟಿಪಿಯ ಕುರಿತು ಸಂಗಮೇಶನಿಗೆ

ನವನಗರ, ಬಾಗಲಕೋಟೆ

ಚಿ. ಸಂಗಮೇಶನಿಗೆ ಕಾಕಾನ ಆಶೀರ್ವಾದಗಳು.

ವಿಜಯಪುರದಿಂದ ನೀನು ಕಳಿಸಿದ ಜೀವಶಾಸ್ತ್ರದ ಟಿಪ್ಪಣಿಯನ್ನು ಪೂರ್ತಿ ಓದಿದೆ. ಅದರಲ್ಲಿ, ಜೀವಕೋಶವು ತನ್ನ ಕೆಲಸಗಳಿಗೆ ಶಕ್ತಿ ಪಡೆಯುವ, ಮೂರು ಫಾಸ್ಫೇಟುಗಳಿರುವ ಎಟಿಪಿ ಎಂಬ ಅಣುವಿನ ಬಗ್ಗೆ, ‘ಎಟಿಪಿಯ ಫಾಸ್ಫೇಟ್ ಬಂಧ ಒಡೆದಾಗ ಅದರಲ್ಲಿ ಅಡಗಿದ್ದ ಶಕ್ತಿ ಹೊರಬರುತ್ತದೆ’ ಎಂದು ಬರೆದಿರುವುದನ್ನು ಮಾತ್ರ ನೀನು ತಿದ್ದಿಕೊಳ್ಳಬೇಕು. ಯಾವ ರಾಸಾಯನಿಕ ಬಂಧವನ್ನು ಒಡೆಯಲಿಕ್ಕೂ ಶಕ್ತಿಯನ್ನು ವ್ಯಯಿಸಲೇಬೇಕೆಂದು ರಸಾಯನಶಾಸ್ತ್ರದ ತರಗತಿಯಲ್ಲಿ ಕಲಿತವನು ಜೀವಶಾಸ್ತ್ರದ ತರಗತಿಗೆ ಬಂದೊಡನೆ ಅದನ್ನು ಮರೆಯಬಾರದು. ಎಟಿಪಿಯು ನೀರಿನೊಡನೆ ವರ್ತಿಸಿ ಎಡಿಪಿ (ಒಂದು ಫಾಸ್ಫೇಟ್ ಕಳೆದುಕೊಂಡ ರೂಪ) ಮತ್ತು ಫಾಸ್ಫೇಟ್ ಆಗುವಾಗ, ಒತ್ತೊತ್ತಾಗಿದ್ದ ಋಣ ವಿದ್ಯುದಾವೇಶಗಳು ದೂರ ಸರಿದು, ಮೊದಲಿಗಿಂತ ಸ್ಥಿರವಾದ ವಸ್ತುಗಳು ಉಂಟಾಗುವುದರಿಂದ, ಒಟ್ಟು ಲೆಕ್ಕದಲ್ಲಿ ಶಕ್ತಿ ಮಿಗುತ್ತದೆ. ಪ್ರಮಾಣಿತ ಸ್ಥಿತಿಯಲ್ಲಿ ಅದು ಮೋಲ್‌ಗೆ ಸುಮಾರು 30 ಕಿಲೋಜೂಲ್. ಜೀವಕೋಶದೊಳಗೆ ಅದು ಇನ್ನೂ ಹೆಚ್ಚು, 50ರ ಆಸುಪಾಸು. ಏಕೆಂದರೆ ಸಮತೋಲನಕ್ಕೆ ಬಿಟ್ಟರೆ ಉಳಿಯುತ್ತಿದ್ದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಟಿಪಿಯನ್ನು ಕೋಶವು ಸದಾ ಕಾಯ್ದುಕೊಂಡಿರುತ್ತದೆ. ಈ ಅಂತರವೇ ಕೆಲಸ ಮಾಡಿಸುವ ಬಲ. ಅದು ಅಳಿದರೆ ಎಟಿಪಿ ಎಷ್ಟಿದ್ದರೂ ಪ್ರಯೋಜನವಿಲ್ಲ.

ಆ ಅಂತರ ಉಳಿಯುವ ಬಗೆಯನ್ನು 1961ರಲ್ಲಿ ಬ್ರಿಟನ್ನಿನ ಜೀವರಸಾಯನಶಾಸ್ತ್ರಜ್ಞ ಪೀಟರ್ ಮಿಚೆಲ್ ಸೂಚಿಸಿದರು. ಆಹಾರದಿಂದ ಬಂದ ಎಲೆಕ್ಟ್ರಾನುಗಳು, ಜೀವಕೋಶದಲ್ಲಿ ಎಟಿಪಿ ತಯಾರಾಗುವ ಭಾಗವಾದ ಮೈಟೊಕಾಂಡ್ರಿಯದ ಒಳಪೊರೆಯ ಪ್ರೋಟೀನುಗಳ ಮೂಲಕ ಆಮ್ಲಜನಕದೆಡೆಗೆ ಸಾಗುವಾಗ, ಆ ಪ್ರೋಟೀನುಗಳು ಪ್ರೋಟಾನುಗಳನ್ನು ಪೊರೆಯಾಚೆಗೆ ದೂಡುತ್ತವೆ; ಆಲಮಟ್ಟಿಯಲ್ಲಿ ಕಟ್ಟೆಯ ಹಿಂದೆ ನಿಂತ ನೀರು ಕೆಳಗಿಳಿಯುತ್ತ ಟರ್ಬೈನನ್ನು ತಿರುಗಿಸುವಂತೆ, ಆ ಪ್ರೋಟಾನುಗಳು ಮರಳಿ ಬರುತ್ತ ಎಟಿಪಿ ಸಿಂಥೇಸ್ ಎಂಬ ಕಿಣ್ವದ ಒಂದು ಭಾಗವನ್ನು ನಿಜವಾಗಿಯೂ ತಿರುಗಿಸುತ್ತವೆ, ಮತ್ತು ಆ ತಿರುಗುವಿಕೆಯಿಂದ ಎಟಿಪಿ ಸಿದ್ಧವಾಗುತ್ತದೆ. ಬಹಳ ಜನ ವಿಜ್ಞಾನಿಗಳು ಇದನ್ನು ಒಪ್ಪಲು ವರ್ಷಗಳೇ ಹಿಡಿದವು. ಮಿಚೆಲ್ ಅವರಿಗೆ ನೊಬೆಲ್ ಬಂದದ್ದು 1978ರಲ್ಲಿ. ಈ ಭಾಗವನ್ನು ಬಾಯಿಪಾಠ ಮಾಡದೆ, ಚಿತ್ರ ಬರೆದುಕೊಂಡು ಓದು.

ಎಟಿಪಿಯನ್ನು ದಾಸ್ತಾನು ಎಂದೂ ಕರೆಯಬೇಡ. ಓಟದಲ್ಲಿ ಸ್ನಾಯುವಿನೊಳಗಿನ ಎಟಿಪಿ ಕೆಲವೇ ಸೆಕೆಂಡುಗಳಿಗೆ ಸಾಲುವಷ್ಟು. ಆದ್ದರಿಂದ ಅದನ್ನು ಮತ್ತೆ ಮತ್ತೆ ಕಟ್ಟುತ್ತಲೇ ಇರಬೇಕಾಗುತ್ತದೆ. ನಿಜವಾದ ದಾಸ್ತಾನೆಂದರೆ ಯಕೃತ್ತು ಮತ್ತು ಸ್ನಾಯುಗಳಲ್ಲಿರುವ, ಗ್ಲೂಕೋಸ್ ಸರಪಳಿಯಾದ ಗ್ಲೈಕೋಜನ್, ಅದಕ್ಕಿಂತ ದೊಡ್ಡದು ಕೊಬ್ಬು. ಗ್ರಾಂ ಒಂದಕ್ಕೆ ಕಾರ್ಬೋಹೈಡ್ರೇಟ್ 4 ಕಿಲೋಕ್ಯಾಲರಿ ಕೊಟ್ಟರೆ ಕೊಬ್ಬು 9 ಕೊಡುತ್ತದೆ. ಓಟದ ಮೊದಲ ಕ್ಷಣಗಳಲ್ಲಿ ಎಟಿಪಿಯನ್ನು ತುಂಬಿಕೊಡುವುದು, ತನ್ನ ಫಾಸ್ಫೇಟನ್ನು ಎಡಿಪಿಗೆ ಕೊಡುವ ಫಾಸ್ಫೊಕ್ರಿಯಾಟಿನ್ ಎಂಬ ವಸ್ತು. 1927ರಲ್ಲಿ ಅದನ್ನು ಸ್ನಾಯುವಿನಲ್ಲಿ ಗುರುತಿಸಿದವರಲ್ಲಿ ಒಬ್ಬರು ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ನಿನ್ನ ಪಠ್ಯದಲ್ಲಿ ಅವರ ಹೆಸರಿಲ್ಲದಿದ್ದರೂ ನೀನು ಬರೆದಿಟ್ಟುಕೋ.

ಟಿಪ್ಪಣಿಯನ್ನು ತಿದ್ದಿ ಬರೆದ ಮೇಲೆ, ಸೈನೈಡ್ ಆಮ್ಲಜನಕದ ಬಳಕೆಯನ್ನು ತಡೆದಾಗ ಪೊರೆಯ ಎರಡು ಬದಿಯ ಪ್ರೋಟಾನುಗಳ ಅಂತರಕ್ಕೆ ಏನಾಗುತ್ತದೆಂದು ನಿನ್ನ ಮಾತಿನಲ್ಲೇ ವಿವರಿಸಿ ನನಗೆ ಕಳಿಸು.

ನಿನ್ನ ಕಾಕಾ