ತಾಯಿಯನ್ನು ದೂರುವುದು ಸಲ್ಲ
ಮಾನ್ಯ ಸಂಪಾದಕರೇ,

ಮಗುವಿನ ಮಿದುಳಿನ ಬೆಳವಣಿಗೆ ಕುಂಠಿತವಾದರೆ ತಾಯಿಯತ್ತ ಬೆರಳು ತೋರಿಸುವ ರೂಢಿ ಇನ್ನೂ ಅಳಿದಿಲ್ಲ. ಆರರಿಂದ ಹದಿನೆಂಟು ತಿಂಗಳವರೆಗೆ ಸಹಜವಾಗಿ ಬೆಳೆಯುತ್ತಿರುವಂತೆ ಕಂಡ ಹೆಣ್ಣುಮಗು, ಕಲಿತ ಮಾತನ್ನೂ ಕೈಗಳ ಹಿಡಿತವನ್ನೂ ಕಳೆದುಕೊಳ್ಳುವ ರೆಟ್ ಸಿಂಡ್ರೋಮ್ ಎಂಬ ಕಾಯಿಲೆಗೆ ಎಕ್ಸ್ ವರ್ಣತಂತುವಿನಲ್ಲಿರುವ ಎಂಇಸಿಪಿ2 ಜೀನಿನ ದೋಷವೇ ಮುಖ್ಯ ಕಾರಣವೆಂದು 1999ರಲ್ಲಿ ವಿಜ್ಞಾನಿ ಹುಡಾ ಝೋಘ್ಬಿ ಅವರ ತಂಡ ತೋರಿಸಿಕೊಟ್ಟಿತು. ಈ ದೋಷ ಬಹುತೇಕ ವಂಶದಿಂದ ಬಂದದ್ದಲ್ಲ. ಹೆಚ್ಚಾಗಿ ತಂದೆಯ ವೀರ್ಯಾಣುವಿನಲ್ಲಿ ಆಕಸ್ಮಿಕವಾಗಿ, ಹೊಸದಾಗಿ ಉಂಟಾದದ್ದು. (ಹಾಗೆಂದು ಇನ್ನು ತಂದೆಯನ್ನು ದೂರಬೇಕಿಲ್ಲ.) 2007ರಲ್ಲಿ ವಿಜ್ಞಾನಿ ಏಡ್ರಿಯನ್ ಬರ್ಡ್ ಅವರ ತಂಡ ಇಲಿಗಳಲ್ಲಿ ನಿಷ್ಕ್ರಿಯಗೊಳಿಸಿದ್ದ ಇದೇ ಜೀನನ್ನು ಮರುಚಾಲನೆಗೊಳಿಸಿದಾಗ, ರೋಗ ಬಲಿತ ಮೇಲೂ ಲಕ್ಷಣಗಳು ಹಿಮ್ಮೆಟ್ಟಿದ್ದವು, ಅಂದರೆ ನರಕೋಶಗಳು ಸತ್ತಿರಲಿಲ್ಲ. ಇಂತಹ ಮಕ್ಕಳ ಕುರಿತ ವರದಿಗಳಲ್ಲಿ ಈ ವಿವರಗಳಿಗೂ ಜಾಗ ಸಿಗಲಿ.

— ಓರ್ವ ಓದುಗ